ಉಪಕಾರ ಸ್ಮರಣೆ: ಮಾತು ಮತ್ತು ಕೃತಿ

ಭದ್ರಾ ಅಣೆಕಟ್ಟಿನ ಊರಾದ ಲಕ್ಕವಳ್ಳಿಯಲ್ಲಿ ನನಗೆ ಪರಿಚಿತರಾದ ಒಬ್ಬ ಬೈಕ್ ಅಂಗಡಿಯ ಮಾಲಕರಿದ್ದಾರೆ. ಹನ್ನೆರಡನೆಯ ವಯಸ್ಸಿನಲ್ಲಿ ಸೈಕಲ್ ಅಂಗಡಿಯೊಂದರಲ್ಲಿ ಪಂಕ್ಚರ್ ಹಾಕಲು ಕಲಿತವರು ಅವರು. ಇಂದು ಅವರ ಸ್ವಂತ ಅಂಗಡಿಯಲ್ಲಿ ಸೈಕಲುಗಳೂ ಇವೆ, ಬೈಕುಗಳ ಬಿಡಿಭಾಗಗಳೂ ಇವೆ. ನಾಲ್ವರು ಯುವಕರು ಅಲ್ಲಿ ದುಡಿಯುತ್ತಾರೆ. ಅಂಗಡಿಯನ್ನು ದೊಡ್ಡದು ಮಾಡಿ ಹೊಸ ಬೋರ್ಡು ಹಾಕಿದ ದಿನ ಅವರು ನೆಂಟರಿಷ್ಟರನ್ನೂ ಊರಿನ ವ್ಯಾಪಾರಿಗಳನ್ನೂ ಕರೆದು ಊಟ ಹಾಕಿಸಿದರು. ಊಟಕ್ಕೆ ಮೊದಲು ನಾಲ್ಕು ಮಾತು ಆಡಿದರು. ಅಲ್ಲಾಹನನ್ನು ಸ್ತುತಿಸಿದರು. ತೀರಿಹೋದ ತಂದೆಯನ್ನು, ಅಡಿಕೆ ಸುಲಿದು ಸಾಕಿದ ತಾಯಿಯನ್ನು, ಅಕ್ಕನನ್ನು, ಹೆಂಡತಿಯನ್ನು, ಕೆಲಸ ಕಲಿಸಿದ ಮೇಸ್ತ್ರಿಯನ್ನು ಒಬ್ಬೊಬ್ಬರನ್ನಾಗಿ ನೆನೆದರು. ಕೇಳಿದವರ ಕಣ್ಣು ತೇವವಾಯಿತು.

ಆ ರಾತ್ರಿ ಬಂದವರೆಲ್ಲ ಹೋದ ಮೇಲೆ ಅವರ ತಾಯಿ ಒಂದೇ ಮಾತು ಹೇಳಿದರು: “ಬೇಟಾ, ಮಾತು ಚೆನ್ನಾಗಿತ್ತು. ಆಪಾ ಊಟ ಮಾಡದೆ ಹೋದಳು, ನಿನಗೆ ಗೊತ್ತಾಯಿತೇ?”

ಅವರಿಗೆ ಗೊತ್ತಾಗಿರಲಿಲ್ಲ. ಭಾಷಣದ ನಡುವೆ ಅವರು “ಇದು ನನ್ನ ಸ್ವಂತ ಜಾಗ, ನನ್ನ ಸ್ವಂತ ದುಡಿಮೆ” ಎಂದಿದ್ದರು. ಜಾಗ ತಂದೆಯದು. ಅದರಲ್ಲಿ ಅಕ್ಕನಿಗೆ ಪಾಲು ಕೊಟ್ಟಿರಲಿಲ್ಲ. ಹೆಸರೆತ್ತಿ ಹೊಗಳಿದ ಮೇಸ್ತ್ರಿಯಾದರೋ ತೀರಿಹೋಗಿ ಕೆಲವು ವರ್ಷಗಳಾಗಿದ್ದವು. ಅದೇ ಊರಿನಲ್ಲಿ ಒಂಟಿಯಾಗಿರುವ ಅವರ ಹೆಂಡತಿಯನ್ನು ಊಟಕ್ಕೆ ಕರೆಯಬೇಕೆಂಬ ನೆನಪೂ ಆಗಿರಲಿಲ್ಲ.

ಮುಂದಿನ ಶುಕ್ರವಾರ ಜುಮಾ ನಮಾಝಿನ ಬಳಿಕ ಅವರು ನನ್ನ ಹತ್ತಿರ ಕುಳಿತು ಇದೆಲ್ಲವನ್ನೂ ಹೇಳಿದರು. “ನಾನು ಎಲ್ಲರಿಗೂ ಶುಕ್ರಿಯಾ ಹೇಳಿದೆನಲ್ಲ ಹಝ್ರತ್, ಇನ್ನೂ ಏನು ಉಳಿಯಿತು?” ಎಂದು ಕೇಳಿದರು. ತಮ್ಮ ಹೆಸರು ಬೇಡ, ವಿಷಯವನ್ನು ಬರೆಯಿರಿ, ಬೇರೆಯವರಿಗೂ ಉಪಯೋಗವಾದೀತು ಎಂದು ಅನುಮತಿ ಕೊಟ್ಟವರೂ ಅವರೇ. ಈ ಲೇಖನವು ಅವರ ಆ ಪ್ರಶ್ನೆಗೆ ಉತ್ತರವಾಗಿದೆ.

ಶುಕ್ರ್ ಎಂದರೇನು?

ನಾವು ಕೃತಜ್ಞತೆಯನ್ನು ನಾಲಿಗೆಯ ಕೆಲಸವೆಂದು ಭಾವಿಸಿದ್ದೇವೆ. ಅಲ್‌ಹಮ್ದುಲಿಲ್ಲಾಹ್ ಎಂದರೆ ಅಲ್ಲಾಹನ ಋಣ ತೀರಿತು, ಶುಕ್ರಿಯಾ ಎಂದರೆ ಮನುಷ್ಯರ ಋಣ ತೀರಿತು ಎಂದು ತಿಳಿಯುವವರೇ ಹೆಚ್ಚು. ಆದರೆ ವಿದ್ವಾಂಸರು ಶುಕ್ರ್‌ಗೆ ಮೂರು ಸ್ಥಾನಗಳನ್ನು ಗುರುತಿಸಿದ್ದಾರೆ. ಮೊದಲನೆಯದು ಹೃದಯ: ಈ ಅನುಗ್ರಹ ನನ್ನದಲ್ಲ, ನನಗೆ ಸಿಕ್ಕಿದ್ದು ಎಂಬ ಅರಿವು. ಎರಡನೆಯದು ನಾಲಿಗೆ: ಆ ಅರಿವನ್ನು ಬಾಯಿಬಿಟ್ಟು ಒಪ್ಪಿಕೊಳ್ಳುವುದು. ಮೂರನೆಯದು ಅವಯವಗಳು: ಸಿಕ್ಕಿದ ಅನುಗ್ರಹವನ್ನು ಕೊಟ್ಟವನ ಮೆಚ್ಚುಗೆಯ ದಾರಿಯಲ್ಲಿ ಬಳಸುವುದು. ಮೂರೂ ಸೇರಿದಾಗಲೇ ಶುಕ್ರ್ ಪೂರ್ಣವಾಗುತ್ತದೆ.

ಪವಿತ್ರ ಕುರ್‌ಆನಿನ ಸಬಅ್ ಅಧ್ಯಾಯದಲ್ಲಿ ಈ ವಿಷಯವು ಒಬ್ಬ ಕುಶಲಕರ್ಮಿಯ ಪ್ರಸ್ತಾಪದ ಜೊತೆಗೇ ಬಂದಿರುವುದು ಗಮನಾರ್ಹ. ಪ್ರವಾದಿ ದಾವೂದ್(ಅ)ರಿಗೆ ಅಲ್ಲಾಹನು ಕಬ್ಬಿಣವನ್ನು ಮೃದುಗೊಳಿಸಿಕೊಟ್ಟನು. ಪೂರ್ಣವಾದ ಕವಚಗಳನ್ನು ಮಾಡುವಂತೆಯೂ ಕೊಂಡಿಗಳನ್ನು ಸರಿಯಾದ ಅಳತೆಯಲ್ಲಿ ಜೋಡಿಸುವಂತೆಯೂ ಆಜ್ಞಾಪಿಸಿದನು (34:10-11). ಅದೇ ಪ್ರಸಂಗದಲ್ಲಿ ಮುಂದುವರಿದು, ದಾವೂದರ ಮನೆತನದವರು ಕೃತಜ್ಞತೆಯ ರೂಪದಲ್ಲಿ ಕರ್ಮವೆಸಗಬೇಕೆಂದೂ, ದಾಸರ ಪೈಕಿ ಕೃತಜ್ಞರಾದವರು ಕಡಿಮೆಯೆಂದೂ ತಿಳಿಸಲಾಗಿದೆ (34:13). ಇಲ್ಲಿ ಆಜ್ಞೆ ಇರುವುದು ಕರ್ಮಕ್ಕೆ. ಕೃತಜ್ಞತೆಯನ್ನು ಬರೇ ಹೇಳಿರಿ ಎನ್ನಲಿಲ್ಲ, ಮಾಡಿರಿ ಎನ್ನಲಾಗಿದೆ.

ದಾವೂದ್(ಅ) ಅರಸರಾಗಿದ್ದರು. ಆದರೂ ತಮ್ಮ ಕೈ ದುಡಿಮೆಯಿಂದಲೇ ಉಣ್ಣುತ್ತಿದ್ದರೆಂದೂ, ಮನುಷ್ಯನು ಉಣ್ಣುವ ಅನ್ನದಲ್ಲಿ ಅದಕ್ಕಿಂತ ಉತ್ತಮವಾದುದಿಲ್ಲವೆಂದೂ ಪ್ರವಾದಿವರ್ಯರು(ಸ) ತಿಳಿಸಿದ್ದಾರೆ (ಬುಖಾರಿ). ಗ್ರೀಸ್ ಹತ್ತಿದ ಕೈಯ ದುಡಿಮೆಯನ್ನು ಕೀಳೆಂದು ತಿಳಿಯುವವರು ಈ ಹದೀಸನ್ನು ನೆನೆಯಬೇಕು. ಕೈಕಸುಬು ಗೌರವದ್ದು. ಪ್ರಶ್ನೆಯಿರುವುದು ಆ ಕಸುಬು ನಮ್ಮ ಕೈಗೆ ಹೇಗೆ ಬಂತು ಎಂಬುದರಲ್ಲಿ.

ಖಾರೂನನ ಲೆಕ್ಕ

ಖಾರೂನನ ಕತೆ ನಮಗೆಲ್ಲ ಗೊತ್ತಿದೆ. ಅವನ ಖಜಾನೆಯ ಕೀಲಿಕೈಗಳನ್ನು ಹೊರುವುದೇ ಬಲಶಾಲಿಗಳ ಒಂದು ತಂಡಕ್ಕೆ ಭಾರವಾಗುತ್ತಿತ್ತು. ಅಲ್ಲಾಹನು ನಿನಗೆ ಉಪಕಾರ ಮಾಡಿದಂತೆ ನೀನೂ ಜನರಿಗೆ ಉಪಕಾರ ಮಾಡು ಎಂದು ಅವನ ಜನರು ಬುದ್ಧಿ ಹೇಳಿದಾಗ ಅವನು ಕೊಟ್ಟ ಉತ್ತರದ ಸಾರ ಇಷ್ಟೇ: ಇದು ನನಗೆ ನನ್ನ ಜ್ಞಾನದಿಂದ ಸಿಕ್ಕಿದ್ದು (28:76-78). ಖಾರೂನನು ಭೂಮಿಯೊಳಗೆ ಹೂತುಹೋದನು. ಆದರೆ ಅವನ ಆ ಮಾತು ಇಂದಿಗೂ ಉಳಿದಿದೆ. ‘ಯಾರ ಹಂಗೂ ಇಲ್ಲದೆ ಮೇಲೆ ಬಂದೆ’ ಎಂದು ಹೆಮ್ಮೆಯಿಂದ ಹೇಳುವಾಗ ನಾವು ಅದನ್ನೇ ಬೇರೆ ಶಬ್ದಗಳಲ್ಲಿ ಹೇಳುತ್ತಿರುತ್ತೇವೆ.

ಇದಕ್ಕೆ ಎದುರಾಗಿ ಪ್ರವಾದಿ ಸುಲೈಮಾನ್(ಅ)ರ ಮಾತನ್ನು ಕುರ್‌ಆನ್ ಮುಂದಿಡುತ್ತದೆ. ಅಪಾರವಾದ ಸಾಮರ್ಥ್ಯ ಕಣ್ಣಮುಂದೆ ಪ್ರಕಟವಾದಾಗ ಅವರು, ಇದು ನನ್ನ ಪ್ರಭುವಿನ ಔದಾರ್ಯ, ನಾನು ಕೃತಜ್ಞನಾಗುವೆನೋ ಕೃತಘ್ನನಾಗುವೆನೋ ಎಂಬ ಪರೀಕ್ಷೆ ಎಂದರು (27:40). ಇರುವೆಯ ಮಾತು ಕೇಳಿ ಮುಗುಳ್ನಕ್ಕಾಗ ಅವರು ಮಾಡಿದ ಪ್ರಾರ್ಥನೆಯಲ್ಲಿಯೂ ತಮ್ಮ ಮೇಲಿನ ಅನುಗ್ರಹದ ಜೊತೆಗೆ ತಮ್ಮ ತಂದೆತಾಯಿಯರ ಮೇಲಿನ ಅನುಗ್ರಹವನ್ನೂ ಸೇರಿಸಿಕೊಂಡರು (27:19). ಅನುಗ್ರಹವು ನನ್ನಿಂದಲೇ ಆರಂಭವಾಗಲಿಲ್ಲ, ನನಗಿಂತ ಹಿಂದಿನಿಂದಲೇ ಹರಿದು ಬಂದಿದೆ ಎಂಬ ತಿಳಿವಳಿಕೆ ಇದರಲ್ಲಿದೆ.

ಲಕ್ಕವಳ್ಳಿಯವರಿಗೆ ಇದನ್ನು ಅರ್ಥಮಾಡಿಸುವುದು ಕಷ್ಟವಲ್ಲ. ಅವರ ಊರಿನ ಅಣೆಕಟ್ಟಿನ ಕೆಲಸ 1940ರ ದಶಕದ ಕೊನೆಯಲ್ಲಿ ಆರಂಭವಾಗಿ 1965ರ ವೇಳೆಗೆ ಮುಗಿಯಿತು. ಎಷ್ಟೋ ಕಡೆಗಳಿಂದ ಬಂದ ಕೂಲಿಗಳು ಅಲ್ಲಿ ಕಲ್ಲು ಹೊತ್ತರು. ಇಂದು ಆ ನೀರು ಕಾಲುವೆಗಳಲ್ಲಿ ಹರಿದು ದೂರದ ದಾವಣಗೆರೆಯ ಗದ್ದೆಗಳನ್ನೂ ಮುಟ್ಟುತ್ತದೆ. ಅಲ್ಲಿ ಭತ್ತ ಬೆಳೆಯುವವನಿಗೆ ಕಲ್ಲು ಹೊತ್ತವರ ಹೆಸರು ಗೊತ್ತಿಲ್ಲ. ಗೊತ್ತಿಲ್ಲವೆಂದ ಮಾತ್ರಕ್ಕೆ ಅವರ ಬೆವರು ಆ ಅನ್ನದಲ್ಲಿ ಇಲ್ಲವೆಂದಾಗದು. ನಮ್ಮ ಅಂಗಡಿ ಮಾಲಕರ ಅಜ್ಜ ಕೂಡ ಆ ಕೆಲಸಕ್ಕೆಂದು ಬಂದು ಅಲ್ಲೇ ನೆಲೆನಿಂತವರು.

ಜನರಿಗೆ ಕೃತಜ್ಞತೆ ಸಲ್ಲಿಸದವನು ಅಲ್ಲಾಹನಿಗೂ ಕೃತಜ್ಞತೆ ಸಲ್ಲಿಸುವುದಿಲ್ಲವೆಂಬ ಅರ್ಥದ ಪ್ರವಾದಿ ವಚನವನ್ನು ಹ. ಅಬೂಹುರೈರಾ(ರ) ವರದಿ ಮಾಡಿದ್ದಾರೆ (ಅಬೂದಾವೂದ್, ತಿರ್ಮಿದಿ). ಕೊಡುವವನು ಅಲ್ಲಾಹನೇ. ಆದರೆ ಅವನು ಮನುಷ್ಯರ ಕೈಗಳ ಮೂಲಕ ಕೊಡುತ್ತಾನೆ. ಆ ಕೈಗಳನ್ನು ಮರೆತವನು ಕೊಟ್ಟವನನ್ನೂ ಮರೆಯುತ್ತಾನೆ. ಈಗ ನಮ್ಮ ಅಂಗಡಿ ಮಾಲಕರ ಬದುಕಿನಲ್ಲಿ ಆ ಕೈಗಳು ಯಾರವು ಎಂಬುದನ್ನು ಒಂದೊಂದಾಗಿ ನೋಡೋಣ.

ತಾಯಿಯ ಕೈ

ಅವರಿಗೆ ಹನ್ನೊಂದು ವರ್ಷವಾಗಿದ್ದಾಗ ತಂದೆ ತೀರಿಕೊಂಡರು. ಬಿಟ್ಟುಹೋದದ್ದು ರಸ್ತೆ ಬದಿಯ ಒಂದು ಸಣ್ಣ ಜಾಗ ಮತ್ತು ಅದರ ಮೇಲಿನ ಚಹಾದ ಗೂಡಂಗಡಿ. ಇದ್ದತ್ ಕಳೆದ ಬಳಿಕ ತಾಯಿ ಅಡಿಕೆ ಸುಲಿಯಲು ಹೋದರು. ಸುಗ್ಗಿಯ ಕಾಲದಲ್ಲಿ ರಾತ್ರಿಯೂ ಮೆಟ್ಟುಕತ್ತಿಯ ಮುಂದೆ ಕೂರಬೇಕು. ಕೂಲಿ ಸಿಗುವುದು ಸುಲಿದ ಅಡಿಕೆಯ ಲೆಕ್ಕದಲ್ಲಿ. ಅಡಿಕೆಯ ಚೊಗರು ಬೆರಳುಗಳಿಗೆ ಹತ್ತಿದರೆ ತೊಳೆದರೂ ಹೋಗದು. ಮಗನ ಮೊದಲ ಸ್ಪ್ಯಾನರ್ ಸೆಟ್ಟು ಬಂದದ್ದು ತಾಯಿಯ ಕಿವಿಯೋಲೆ ಮಾರಿದ ಹಣದಿಂದ.

ಲುಕ್ಮಾನ್ ಅಧ್ಯಾಯದಲ್ಲಿ ಅಲ್ಲಾಹನು ತಾಯಿಯ ಬಸಿರು ಮತ್ತು ಹಾಲೂಡಿಸಿದ ಎರಡು ವರ್ಷಗಳನ್ನು ನೆನಪಿಸಿ, ತನಗೂ ತಂದೆತಾಯಿಯರಿಗೂ ಕೃತಜ್ಞನಾಗಿರಬೇಕೆಂದು ಒಟ್ಟಿಗೇ ಆದೇಶಿಸಿದ್ದಾನೆ (31:14). ಅಲ್ ಅಹ್‌ಕಾಫ್ ಅಧ್ಯಾಯದಲ್ಲಿ ಇದೇ ವಿಷಯ ಬಂದಾಗ ನಲ್ವತ್ತನೆಯ ವಯಸ್ಸಿನ ಉಲ್ಲೇಖವಿದೆ. ಆ ಪ್ರಾಯವನ್ನು ತಲುಪಿದ ಸಜ್ಜನನು, ನನ್ನ ಮೇಲೂ ನನ್ನ ತಂದೆತಾಯಿಯರ ಮೇಲೂ ನೀನು ಮಾಡಿದ ಅನುಗ್ರಹಕ್ಕೆ ಕೃತಜ್ಞನಾಗಲು, ನಿನಗೆ ಮೆಚ್ಚುಗೆಯಾಗುವ ಕರ್ಮವೆಸಗಲು ನನಗೆ ಸಾಮರ್ಥ್ಯ ಕೊಡು ಎಂದು ಬೇಡುತ್ತಾನೆ. ತನ್ನ ಮಕ್ಕಳ ಒಳಿತನ್ನೂ ಕೇಳುತ್ತಾನೆ (46:15). ನಲ್ವತ್ತು ಎಂದರೆ ಮನುಷ್ಯನು ನಡುವೆ ನಿಲ್ಲುವ ಕಾಲ. ಒಂದು ಕಡೆ ಮುದಿಯಾಗುತ್ತಿರುವ ತಂದೆತಾಯಿ, ಇನ್ನೊಂದು ಕಡೆ ಬೆಳೆಯುತ್ತಿರುವ ಮಕ್ಕಳು. ವ್ಯಾಪಾರ ಕೈಹಿಡಿಯುವುದೂ, ಅಹಂಕಾರ ತಲೆಯೆತ್ತುವುದೂ ಸಾಮಾನ್ಯವಾಗಿ ಆಗಲೇ. ನಮ್ಮ ಅಂಗಡಿ ಮಾಲಕರಿಗೂ ಈಗ ನಲ್ವತ್ತು ದಾಟಿದೆ.

ಯಮನಿನ ಒಬ್ಬಾತನು ತಾಯಿಯನ್ನು ಬೆನ್ನ ಮೇಲೆ ಹೊತ್ತು ಕಅಬಾಕ್ಕೆ ಪ್ರದಕ್ಷಿಣೆ ಬರುತ್ತಿದ್ದುದನ್ನು ಹ. ಅಬ್ದುಲ್ಲಾ ಬಿನ್ ಉಮರ್(ರ) ಕಂಡರು. ತಾಯಿಯ ಋಣ ತೀರಿಸಿದೆನೇ ಎಂದು ಆತ ಕೇಳಿದಾಗ, ಹೆರಿಗೆಯ ಒಂದು ನಿಟ್ಟುಸಿರಿನಷ್ಟೂ ತೀರಲಿಲ್ಲವೆಂದು ಅವರು ಉತ್ತರಿಸಿದರು (ಅಲ್ ಅದಬುಲ್ ಮುಫ್ರದ್). ತೀರಿಸಲಾಗದ ಋಣವೊಂದು ಇದೆಯೆಂದು ಒಪ್ಪಿಕೊಂಡವನು ತಾಯಿಯ ಮುಂದೆ ದನಿಯೇರಿಸಲಾರ.

ಅಕ್ಕನ ಪಾಲು

ಕಷ್ಟದ ವಿಷಯ ಇನ್ನು ಮುಂದಿದೆ. ತಂದೆ ತೀರಿಕೊಂಡಾಗ ಅಕ್ಕನಿಗೆ ಹದಿನೈದು ವರ್ಷ. ಶಾಲೆ ಬಿಟ್ಟು ತಾಯಿಯ ಜೊತೆ ಅಡಿಕೆ ಸುಲಿಯಲು ಕುಳಿತಳು. ತಮ್ಮನು ಕೆಲಸ ಕಲಿಯುವಷ್ಟು ಕಾಲವೂ ಮನೆ ನಡೆದದ್ದು ಇಬ್ಬರ ಕೂಲಿಯಿಂದ. ಮದುವೆಯಾಗಿ ಹೋದ ಕೆಲವು ವರ್ಷಗಳ ನಂತರ ಜಾಗದ ಖಾತೆಯನ್ನು ತಮ್ಮನ ಹೆಸರಿಗೆ ಮಾಡಿಸುವಾಗ ಸಹಿ ಹಾಕು ಎಂದರು, ಹಾಕಿದಳು. ಬೇಕೇ ಬೇಡವೇ ಎಂದು ಯಾರೂ ಕೇಳಲಿಲ್ಲ. ತವರುಮನೆಯ ಬಾಗಿಲು ಮುಚ್ಚೀತೆಂಬ ಭಯದಿಂದ ಅವಳೂ ಬಾಯಿ ತೆರೆಯಲಿಲ್ಲ.

ಓದುಗರೇ, ಇದು ಒಂದು ಮನೆಯ ಕತೆಯಲ್ಲ. ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ನಡೆಯುವುದು ಹೀಗೆಯೇ. ನಮಾಝ್ ತಪ್ಪಿಸದವರು, ಉಪವಾಸ ಬಿಡದವರು ಕೂಡ ಹೆಣ್ಣುಮಕ್ಕಳ ಪಾಲಿನ ವಿಷಯ ಬಂದಾಗ ‘ಮದುವೆಗೆ ಖರ್ಚು ಮಾಡಿದ್ದೇವಲ್ಲ’ ಎನ್ನುತ್ತಾರೆ. ಮದುವೆಯ ಖರ್ಚು ವಾರೀಸು ಹಕ್ಕಿಗೆ ಬದಲಿಯಲ್ಲ. ತಂದೆತಾಯಿಯೂ ಸಂಬಂಧಿಕರೂ ಬಿಟ್ಟುಹೋದ ಸೊತ್ತಿನಲ್ಲಿ ಗಂಡಸರಿಗೆ ಪಾಲಿರುವಂತೆ ಹೆಂಗಸರಿಗೂ ಪಾಲಿದೆ, ಅದು ಸ್ವಲ್ಪವಿರಲಿ ಹೆಚ್ಚಿರಲಿ ನಿಗದಿಯಾದ ಪಾಲು ಎಂದು ಅನ್ನಿಸಾ ಅಧ್ಯಾಯ ಸ್ಪಷ್ಟವಾಗಿ ಸಾರಿದೆ (4:7). ಉಹುದ್‌ನಲ್ಲಿ ಹುತಾತ್ಮರಾದ ಹ. ಸಅದ್ ಬಿನ್ ರಬೀಅ್(ರ)ರ ಸೊತ್ತನ್ನೆಲ್ಲ ಅವರ ಸಹೋದರನು ತೆಗೆದುಕೊಂಡಾಗ ಅವರ ಪತ್ನಿ ಇಬ್ಬರು ಹೆಣ್ಣುಮಕ್ಕಳೊಂದಿಗೆ ಪ್ರವಾದಿವರ್ಯರ(ಸ) ಬಳಿಗೆ ಬಂದು ದೂರಿದರು. ವಾರೀಸಿನ ಸೂಕ್ತ ಅವತೀರ್ಣವಾಯಿತು. ಪ್ರವಾದಿವರ್ಯರು(ಸ) ಆ ಸಹೋದರನನ್ನು ಕರೆಸಿ, ಹೆಣ್ಣುಮಕ್ಕಳಿಗೆ ಮೂರನೆಯ ಎರಡಂಶ, ತಾಯಿಗೆ ಎಂಟನೆಯ ಒಂದಂಶ ಕೊಟ್ಟು ಉಳಿದದ್ದನ್ನು ಮಾತ್ರ ಇಟ್ಟುಕೊಳ್ಳಲು ಆಜ್ಞಾಪಿಸಿದರು (ತಿರ್ಮಿದಿ, ಅಬೂದಾವೂದ್).

ನಮ್ಮ ಅಂಗಡಿ ಮಾಲಕರ ಮನೆಯ ಲೆಕ್ಕ ನೋಡೋಣ. ತೀರಿಕೊಂಡವರಿಗೆ ಪತ್ನಿ, ಒಬ್ಬ ಮಗ, ಒಬ್ಬಳು ಮಗಳು. ತಂದೆತಾಯಿ ಮೊದಲೇ ತೀರಿದ್ದರು. ಸಾಲ ಮತ್ತು ವಸಿಯ್ಯತ್ ಇದ್ದರೆ ಮೊದಲು ಅದನ್ನು ತೀರಿಸಬೇಕು. ಬಳಿಕ ಪತ್ನಿಗೆ ಎಂಟನೆಯ ಒಂದಂಶ. ಉಳಿದದ್ದರಲ್ಲಿ ಮಗನಿಗೆ ಎರಡು ಪಾಲು, ಮಗಳಿಗೆ ಒಂದು ಪಾಲು. ಸೊತ್ತನ್ನು 24 ಭಾಗ ಮಾಡಿದರೆ ತಾಯಿಗೆ 3, ಮಗನಿಗೆ 14, ಮಗಳಿಗೆ 7. ‘ನನ್ನ ಸ್ವಂತ ಜಾಗ’ ಎಂದು ಅವರು ಹೇಳಿದಾಗ 24ರಲ್ಲಿ 10 ಭಾಗ ಬೇರೆಯವರದಾಗಿತ್ತು. ಆ ಇಬ್ಬರೂ ಅಲ್ಲೇ ಕುಳಿತು ಕೇಳುತ್ತಿದ್ದರು.

“ಆಪಾ ತಾನಾಗಿ ಸಹಿ ಹಾಕಿದ್ದಾಳಲ್ಲ?” ಎಂದು ಅವರು ಕೇಳಿದರು. ಮನಃಪೂರ್ವಕವಾಗಿ ಕೊಟ್ಟದ್ದಲ್ಲದೆ ಒಬ್ಬ ಮುಸ್ಲಿಮನ ಸೊತ್ತು ಇನ್ನೊಬ್ಬನಿಗೆ ಧರ್ಮಸಮ್ಮತವಲ್ಲವೆಂಬ ಪ್ರವಾದಿ ವಚನವಿದೆ (ಅಹ್ಮದ್). ನಾಚಿಕೆಯಿಂದಲೋ ಭಯದಿಂದಲೋ ಸುಮ್ಮನಿರುವುದು ಮನಃಪೂರ್ವಕವಾಗಿ ಕೊಟ್ಟಂತೆ ಆಗದು. ಪಾಲು ಎಷ್ಟೆಂದು ಲೆಕ್ಕ ತೋರಿಸಿ, ಕೈಗೆ ಕೊಡಲು ಸಿದ್ಧನಾಗಿ, ‘ಬೇಡವೆಂದರೂ ನಿನ್ನ ತವರು ನಿನ್ನದೇ, ಬೇಕೆಂದರೂ ನಿನ್ನದೇ’ ಎಂದು ಹೇಳಬೇಕು. ಆಮೇಲೆ ಅವಳು ಬಿಟ್ಟುಕೊಟ್ಟರೆ ಅದು ದಾನ. ಅದಕ್ಕೆ ಮೊದಲು ನಮ್ಮ ಕೈಯಲ್ಲಿರುವುದು ಅವಳ ಸೊತ್ತು.

ಇದನ್ನು ಕೊಡದೆ ಅಕ್ಕನನ್ನು ಸಭೆಯಲ್ಲಿ ಎಷ್ಟು ಹೊಗಳಿದರೂ ಅದು ಶುಕ್ರ್ ಆಗಲಾರದು. ಹುನೈನ್ ಯುದ್ಧದ ನಂತರ ಸೆರೆಯಾಗಿ ಬಂದವರಲ್ಲಿ ತನ್ನ ಹಾಲಿನ ಸಂಬಂಧದ ಸಹೋದರಿ ಶೈಮಾ ಇರುವುದು ತಿಳಿದಾಗ ಪ್ರವಾದಿವರ್ಯರು(ಸ) ತಮ್ಮ ಹೊದಿಕೆಯನ್ನು ಹಾಸಿ ಅವರನ್ನು ಕುಳ್ಳಿರಿಸಿದರು, ಬೇಕಾದ ಕಡೆ ಇರುವ ಸ್ವಾತಂತ್ರ್ಯ ಕೊಟ್ಟರು, ಉಡುಗೊರೆಗಳೊಂದಿಗೆ ಕಳುಹಿಸಿದರು ಎಂದು ಚರಿತ್ರೆಕಾರರು ಬರೆದಿದ್ದಾರೆ. ಅಲ್ಲಿ ಗೌರವದ ಜೊತೆಗೆ ಕೊಡುವುದೂ ಇತ್ತು. ಬಾಲ್ಯದ ಒಂದು ಸಂಬಂಧಕ್ಕೆ ಅಷ್ಟು ಬೆಲೆಯಿದ್ದರೆ, ನಮಗಾಗಿ ಶಾಲೆ ಬಿಟ್ಟ ಒಡಹುಟ್ಟಿದವಳಿಗೆ ಎಷ್ಟಿರಬೇಡ!

ಮೇಸ್ತ್ರಿಯ ಋಣ

ಇನ್ನು ಮೇಸ್ತ್ರಿಯ ವಿಷಯ. ಬಾಡಿಗೆ ಸೈಕಲುಗಳ ಕಾಲದಲ್ಲಿ ಅವರ ಅಂಗಡಿ ಊರಿಗೆಲ್ಲ ಪರಿಚಿತ. ಅವರು ಮುಸ್ಲಿಮರಾಗಿರಲಿಲ್ಲ. ಮೊದಲ ಕೆಲವು ತಿಂಗಳು ಗುಡಿಸುವುದು, ಗಾಳಿ ಹೊಡೆಯುವುದು, ನಂತರ ಪಂಕ್ಚರ್, ಅದಾದ ಮೇಲೆ ಕೋನು-ಬಾಲ್ಸು ಬಿಚ್ಚಿ ಗ್ರೀಸ್ ತುಂಬುವುದು, ಕೊನೆಗೆ ಕಡ್ಡಿ ಕಟ್ಟಿ ರಿಮ್ಮಿನ ಬೆಂಡ್ ತೆಗೆಯುವುದು. ದೊಡ್ಡ ಸೈಕಲಿನ ಮುಂದಿನ ಚಕ್ರಕ್ಕೆ 32, ಹಿಂದಿನದಕ್ಕೆ 40 ಕಡ್ಡಿಗಳು. ಒಂದು ಸಡಿಲವಾದರೂ ಚಕ್ರ ಓಲಾಡುತ್ತದೆ. ಕೈಗೆ ಆ ಹದ ಬರಲು ವರ್ಷಗಳೇ ಬೇಕಾದವು.

ಮೇಸ್ತ್ರಿಯ ಒಂದು ಕಟ್ಟುನಿಟ್ಟು ಇತ್ತು. ಪ್ಯಾಚ್ ಹಾಕಿದ ಮೇಲೆ ಟ್ಯೂಬನ್ನು ಮತ್ತೊಮ್ಮೆ ನೀರಿನಲ್ಲಿ ಮುಳುಗಿಸಿ ಗುಳ್ಳೆ ಬರುತ್ತದೆಯೇ ನೋಡಬೇಕು. ಟೈರಿನ ಒಳಗೆ ಬೆರಳಾಡಿಸಿ ಮುಳ್ಳು ಉಳಿದಿಲ್ಲವೆಂದು ಖಾತ್ರಿ ಮಾಡಿಕೊಳ್ಳಬೇಕು. ಮುಳ್ಳು ಉಳಿದರೆ ಗಿರಾಕಿ ನಾಳೆ ಮತ್ತೆ ಬರುತ್ತಾನೆ, ಮತ್ತೆ ದುಡ್ಡು ಸಿಗುತ್ತದೆ. ಆ ದುಡ್ಡು ನಮಗೆ ಬೇಡ ಎನ್ನುತ್ತಿದ್ದರು. ಎಲ್ಲ ಕೆಲಸದಲ್ಲೂ ಉತ್ತಮಿಕೆಯನ್ನು ಅಲ್ಲಾಹನು ಕಡ್ಡಾಯಗೊಳಿಸಿದ್ದಾನೆಂಬ ಹದೀಸನ್ನು (ಮುಸ್ಲಿಮ್) ನಾನು ಮದ್ರಸದಲ್ಲಿ ಅಕ್ಷರವಾಗಿ ಕಲಿಸಿದೆ. ಹುಡುಗನು ಅದನ್ನು ಕೈಯಲ್ಲಿ ಕಲಿತದ್ದು ಆ ಅಂಗಡಿಯಲ್ಲಿ. ಶುಕ್ರವಾರ ಆಝಾನ್ ಕೇಳಿಸಿದರೆ “ಕರೆದರಲ್ಲ, ಕೈ ತೊಳ್ಕೊಂಡು ಹೋಗಿ ಬಾ” ಎಂದು ಅವರೇ ಎಬ್ಬಿಸಿ ಕಳುಹಿಸುತ್ತಿದ್ದರಂತೆ.

ಮುಂದೆ ಹುಡುಗನು ತಂದೆಯ ಜಾಗದಲ್ಲಿ ಸ್ವಂತ ಅಂಗಡಿ ಇಟ್ಟನು. ಗಿರಾಕಿಗಳಲ್ಲಿ ಅನೇಕರು ಇತ್ತ ಬಂದರು. 2006-07ರಿಂದ ಸರಕಾರವು ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲು ಕೊಡತೊಡಗಿದಾಗ ರಿಪೇರಿ ಕೆಲಸವೂ ಹೆಚ್ಚಿತು. ಮೇಸ್ತ್ರಿ ಬೇಸರಪಡಲಿಲ್ಲ. ರಿಮ್ಮಿನ ಬೆಂಡ್ ತೆಗೆಯುವ ತಮ್ಮ ಹಳೆಯ ಸ್ಟ್ಯಾಂಡನ್ನು ತಂದುಕೊಟ್ಟು ಹೋದರು. ಅದು ಈಗಲೂ ಆ ಅಂಗಡಿಯಲ್ಲಿದೆ. ಇಂದು ಹೋಗೋಣ, ನಾಳೆ ಹೋಗೋಣ ಎನ್ನುತ್ತಲೇ ವರ್ಷಗಳು ಕಳೆದವು. ಒಂದು ದಿನ ಮೇಸ್ತ್ರಿ ತೀರಿಕೊಂಡ ಸುದ್ದಿ ಬಂತು.

ಈಗ ಗೆಳೆಯರು ಹೇಳುವುದು ಬೇರೆ. “ಎಷ್ಟೋ ವರ್ಷ ಪುಡಿಗಾಸಿಗೆ ದುಡಿದಿದ್ದೀಯ. ಋಣವಿದ್ದರೆ ಅವರಿಗೆ ನಿನ್ನದು. ಅದೂ ಅಲ್ಲದೆ ಅವರು ನಮ್ಮವರಲ್ಲ.” ಈ ಎರಡು ಮಾತುಗಳನ್ನೂ ಪರಿಶೀಲಿಸಬೇಕು.

ಮೊದಲನೆಯದರಲ್ಲಿ ಸ್ವಲ್ಪ ಸತ್ಯವಿದೆ. ದುಡಿದವನ ಬೆವರು ಆರುವ ಮೊದಲೇ ಕೂಲಿ ಕೊಡಬೇಕೆಂಬುದು ಪ್ರವಾದಿ ಶಿಕ್ಷಣ (ಇಬ್ನುಮಾಜ). ಕೆಲಸ ಕಲಿಸುತ್ತೇನೆಂದು ಹುಡುಗರನ್ನು ಪುಕ್ಕಟೆ ದುಡಿಸುವ ಪದ್ಧತಿಯನ್ನು ಯಾರೂ ಸಮರ್ಥಿಸಲಾರರು. ಆದರೆ ಕೂಲಿಯ ಲೆಕ್ಕ ಬೇರೆ, ಉಪಕಾರದ ಲೆಕ್ಕ ಬೇರೆ. ಕೊಡಬೇಕಾದ ಕೂಲಿ ಕಡಿಮೆಯಾಯಿತೆಂಬುದು, ಕೊಡಬೇಕಾಗಿಲ್ಲದ ಪ್ರೀತಿ ಮತ್ತು ಆ ಸ್ಟ್ಯಾಂಡನ್ನು ಅಳಿಸಿಹಾಕದು.

ಎರಡನೆಯ ಮಾತಿಗೆ ಪ್ರವಾದಿವರ್ಯರ(ಸ) ಬದುಕೇ ಉತ್ತರ. ತಾಯಿಫ್‌ನಿಂದ ಕಲ್ಲೇಟು ತಿಂದು ಮರಳಿದಾಗ ಮಕ್ಕಾ ಪ್ರವೇಶವೇ ಅಪಾಯಕಾರಿಯಾಗಿತ್ತು. ಆಗ ಅಭಯ ಕೊಟ್ಟವನು ಮುತ್‌ಇಮ್ ಬಿನ್ ಅದೀ. ಅವನೂ ಅವನ ಮಕ್ಕಳೂ ಆಯುಧ ಧರಿಸಿ ಕಾವಲು ನಿಂತರು. ಅವನು ಇಸ್ಲಾಮ್ ಸ್ವೀಕರಿಸಲಿಲ್ಲ, ಹಾಗೆಯೇ ತೀರಿಕೊಂಡನು. ಬಳಿಕ ಹಿಜರಿ 2ರಲ್ಲಿ (ಕ್ರಿ.ಶ. 624) ಬದ್ರ್ ಯುದ್ಧದ ಕೈದಿಗಳು ಮುಂದಿದ್ದಾಗ, ಮುತ್‌ಇಮ್ ಬದುಕಿದ್ದು ಇವರ ಪರವಾಗಿ ಒಂದು ಮಾತು ಆಡಿದ್ದರೆ ಅವನಿಗಾಗಿ ಇವರನ್ನೆಲ್ಲ ಬಿಟ್ಟುಬಿಡುತ್ತಿದ್ದೆನೆಂದು ಪ್ರವಾದಿವರ್ಯರು(ಸ) ಹೇಳಿದರು. ಇದನ್ನು ವರದಿ ಮಾಡಿದವರು ಮುತ್‌ಇಮ್‌ನ ಮಗ ಹ. ಜುಬೈರ್(ರ) ಅವರೇ (ಬುಖಾರಿ). ಉಪಕಾರ ಮಾಡಿದವನು ಬೇರೆ ವಿಶ್ವಾಸದವನು, ಮೇಲಾಗಿ ಈಗ ಬದುಕಿಲ್ಲ. ಆದರೂ ಅಲ್ಲಾಹನ ಸಂದೇಶವಾಹಕರು ಅದನ್ನು ಮರೆಯಲಿಲ್ಲ, ಎಲ್ಲರೆದುರು ಹೆಸರು ಹೇಳಿ ನೆನೆದರು. ನಮ್ಮೊಂದಿಗೆ ಧರ್ಮದ ವಿಷಯದಲ್ಲಿ ಯುದ್ಧಕ್ಕೆ ನಿಲ್ಲದವರೊಂದಿಗೆ ಸೌಜನ್ಯದಿಂದಲೂ ನ್ಯಾಯದಿಂದಲೂ ವರ್ತಿಸುವುದನ್ನು ಅಲ್ಲಾಹನು ತಡೆಯುವುದಿಲ್ಲವೆಂದು ಕುರ್‌ಆನ್ ತಿಳಿಸಿದೆ (60:8).

ತೀರಿಹೋದವರ ಉಪಕಾರವನ್ನು ಸ್ಮರಿಸುವ ಒಂದು ದಾರಿ ಅವರ ಮನೆಯವರನ್ನು, ಆಪ್ತರನ್ನು ನೋಡಿಕೊಳ್ಳುವುದು. ಪ್ರವಾದಿವರ್ಯರು(ಸ) ಕುರಿ ಕೊಯ್ದಾಗ ತೀರಿಹೋದ ಪತ್ನಿ ಹ. ಖದೀಜಾ(ರ)ರ ಗೆಳತಿಯರಿಗೆ ಮಾಂಸ ಕಳುಹಿಸುತ್ತಿದ್ದರು (ಬುಖಾರಿ). ಹ. ಇಬ್ನು ಉಮರ್(ರ) ಮಕ್ಕಾದ ದಾರಿಯಲ್ಲಿ ಸಿಕ್ಕಿದ ಒಬ್ಬ ಹಳ್ಳಿಗನಿಗೆ ತಾವು ಸವಾರಿ ಮಾಡುತ್ತಿದ್ದ ಕತ್ತೆಯನ್ನೂ ತಲೆಯ ಮುಂಡಾಸನ್ನೂ ಕೊಟ್ಟರು. ಇಷ್ಟೇಕೆ ಎಂದು ಜೊತೆಯವರು ಆಶ್ಚರ್ಯಪಟ್ಟಾಗ, ಆತನ ತಂದೆ ತನ್ನ ತಂದೆಯ ಸ್ನೇಹಿತನೆಂದೂ, ತಂದೆಯ ಸ್ನೇಹಿತರ ಸಂಬಂಧ ಕಾಪಾಡುವುದು ದೊಡ್ಡ ಪುಣ್ಯವೆಂದು ಪ್ರವಾದಿವರ್ಯರಿಂದ(ಸ) ಕೇಳಿರುವೆನೆಂದೂ ವಿವರಿಸಿದರು (ಮುಸ್ಲಿಮ್).

ಮೇಸ್ತ್ರಿಯ ಪತ್ನಿಗೆ ಝಕಾತ್ ಹಣದಿಂದ ಸಹಾಯ ಮಾಡಬಹುದೇ ಎಂದು ಅವರು ಕೇಳಿದರು. ಬಹುಪಾಲು ಫಿಕ್ಹ್ ವಿದ್ವಾಂಸರ ಪ್ರಕಾರ ಬಡವರ ಪಾಲಿನ ಝಕಾತ್ ಮುಸ್ಲಿಮ್ ಬಡವರಿಗೆ ಸೇರಿದ್ದು. ಸ್ವಂತ ಹಣದ ಸದಕಾವನ್ನು ಯಾರಿಗೂ ಕೊಡಬಹುದು. ಆದರೆ ಅದಕ್ಕಿಂತ ಮುಖ್ಯವಾದ ಮಾತು ಇನ್ನೊಂದಿದೆ. ಝಕಾತ್ ಬಡವರ ಹಕ್ಕು. ಇನ್ನೊಬ್ಬರ ಹಕ್ಕಿನ ಹಣದಿಂದ ನಮ್ಮ ಕೃತಜ್ಞತೆಯನ್ನು ಸಲ್ಲಿಸಬಾರದು. ಅದು ನಮ್ಮ ಜೇಬಿನಿಂದಲೇ ಹೋಗಬೇಕು.

ಮುಂದಿನವರಿಗೆ ಕೊಡುವುದು

ಉಪಕಾರ ಮಾಡಿದವನಿಗೂ ಒಂದು ಕರ್ತವ್ಯವಿದೆ. ಎತ್ತಿ ಆಡಿ, ನೋಯಿಸಿ ದಾನವನ್ನು ವ್ಯರ್ಥಗೊಳಿಸಬಾರದೆಂದು ಅಲ್ ಬಕರಃ ಅಧ್ಯಾಯ ಎಚ್ಚರಿಸಿದೆ (2:264). ಪಡೆದವನು ಮರೆಯಬಾರದು, ಕೊಟ್ಟವನು ನೆನಪಿಸಬಾರದು. ಆ ಮೇಸ್ತ್ರಿ ಒಮ್ಮೆಯೂ ನೆನಪಿಸಲಿಲ್ಲ. ಈಗ ಅದೇ ಪರೀಕ್ಷೆ ನಮ್ಮ ಅಂಗಡಿ ಮಾಲಕರದು. ಅವರ ಕೈಕೆಳಗಿನ ನಾಲ್ವರಿಗೆ ತಿಂಗಳ ಸಂಬಳ ಹೊತ್ತಿಗೆ ಸರಿಯಾಗಿ ಸಿಗಬೇಕು. ಕಲಿಸುವಾಗ ಗುಟ್ಟು ಮುಚ್ಚಿಡಬಾರದು. ನಾಳೆ ಅವರಲ್ಲೊಬ್ಬ ಎದುರಿಗೇ ಅಂಗಡಿ ಇಟ್ಟರೆ ಮುಖ ತಿರುಗಿಸಬಾರದು.

ತಾವು ಹನ್ನೆರಡನೆಯ ವಯಸ್ಸಿಗೆ ಕೆಲಸಕ್ಕೆ ಸೇರಿದ್ದನ್ನು ಹೇಳಿಕೊಂಡು ಇಂದಿನ ಮಕ್ಕಳನ್ನು ಸೇರಿಸಿಕೊಳ್ಳುವುದೂ ಸಲ್ಲದು. 2016ರ ತಿದ್ದುಪಡಿಯ ಬಳಿಕ 14 ವರ್ಷದೊಳಗಿನ ಮಕ್ಕಳನ್ನು ಇಂಥ ಕೆಲಸಕ್ಕೆ ಇಟ್ಟುಕೊಳ್ಳುವುದನ್ನು ಕಾನೂನು ನಿಷೇಧಿಸಿದೆ. ತಂದೆಯಿಲ್ಲದ ಮಗುವೊಂದು ಅಂಗಡಿಗೆ ಬಂದರೆ ಅದನ್ನು ಶಾಲೆಗೆ ಕಳುಹಿಸಿ ಮನೆಗೆ ಅಕ್ಕಿ ಕೊಡುವುದೇ ಅಡಿಕೆ ಸುಲಿದ ತಾಯಿಗೂ ಶಾಲೆ ಬಿಟ್ಟ ಅಕ್ಕನಿಗೂ ಸಲ್ಲುವ ನಿಜವಾದ ಕೃತಜ್ಞತೆ.

ಆಮೇಲೆ ಏನಾಯಿತು?

ಅವರು ಮೂವರು ಹಿರಿಯರನ್ನು ಕರೆದು ಜಾಗದ ಬೆಲೆ ಕಟ್ಟಿಸಿದರು. ಕಟ್ಟಡ ಅವರ ದುಡಿಮೆಯದು, ಅದು ವಾರೀಸಿಗೆ ಸೇರದು; ನೆಲ ಸೇರುತ್ತದೆ. 24ರಲ್ಲಿ 7 ಭಾಗದ ಲೆಕ್ಕವನ್ನು ಬರೆದುಕೊಂಡು ಹೆಂಡತಿಯೊಂದಿಗೆ ಅಕ್ಕನ ಮನೆಗೆ ಹೋದರು. ಅಕ್ಕ ತುಂಬ ಹೊತ್ತು ಆ ಕಾಗದವನ್ನೇ ನೋಡುತ್ತಿದ್ದು, “ನನಗೆ ದುಡ್ಡಿನ ಆಸೆ ಇರಲಿಲ್ಲ ಕಣೋ. ನೀನು ‘ನನ್ನದು’ ಅಂದದ್ದೇ ನೋವಾಯಿತು” ಎಂದರಂತೆ. ಆದರೂ ಪಾಲನ್ನು ಬೇಡವೆನ್ನಲಿಲ್ಲ. ಮಗಳ ಓದಿಗೆ ಬೇಕು, ಕಂತಿನಲ್ಲಿ ಕೊಡು ಎಂದರು. ಸಾಲದ ವ್ಯವಹಾರವನ್ನು ಬರೆದಿಡಬೇಕೆಂಬ ಕುರ್‌ಆನಿನ ಆದೇಶದಂತೆ (2:282) ಕಂತುಗಳನ್ನು ಸಾಕ್ಷಿಗಳ ಮುಂದೆ ಬರೆದಿಟ್ಟರು. ಹಿಂದಿನ ವರ್ಷಗಳ ಬಾಡಿಗೆಯನ್ನು ಅಕ್ಕ ತಾವಾಗಿಯೇ ಮನಸಾರೆ ಬಿಟ್ಟುಕೊಟ್ಟರು. ತಾಯಿ ಮಾತ್ರ, “ನನ್ನ ಮೂರು ಭಾಗ ಅಂಗಡಿಯಲ್ಲೇ ಇರಲಿ, ತಿಂಗಳು ತಿಂಗಳು ಬಾಡಿಗೆ ಕೊಡು” ಎಂದು ನಕ್ಕರು. ಮಗ ಈಗ ತಪ್ಪದೆ ಕೊಡುತ್ತಿದ್ದಾನೆ.

ಮೇಸ್ತ್ರಿಯ ಮನೆಗೂ ಹೋದರು. ಬಾಗಿಲು ತೆರೆದ ಆ ತಾಯಿ, “ಬಾರಪ್ಪ. ನಿನ್ನ ಅಂಗಡಿ ಬೋರ್ಡು ಬಸ್ಸಿನಿಂದ ನೋಡಿದೆ. ಅವರಿದ್ದಿದ್ದರೆ ಎಷ್ಟು ಖುಷಿಪಡ್ತಿದ್ದರೋ” ಎಂದರು. ಅವರು ತಲೆ ತಗ್ಗಿಸಿ ಕುಳಿತರಂತೆ. ಅಂದಿನಿಂದ ಆಕೆಯ ಔಷಧಿಯ ಖರ್ಚು ಅವರದು. ಮೊಣಕಾಲಿನ ನೋವಿಗೆ ಭದ್ರಾವತಿಗೆ ಕರೆದೊಯ್ಯುವುದು ಅವರ ಹೆಂಡತಿಯ ಕೆಲಸ. ಇದನ್ನು ಊರಿಗೆ ಸಾರಿಲ್ಲ.

ಮನೆಯಲ್ಲಿ ಕುಳಿತು ಯೋಚಿಸಿರಿ

ಈ ಪಾಠ ಓದಿದ ಮನೆಗಳಲ್ಲಿ ರಾತ್ರಿ ಊಟದ ನಂತರ ಎಲ್ಲರೂ ಕುಳಿತು ನಾಲ್ಕು ಪ್ರಶ್ನೆಗಳನ್ನು ಕೇಳಿಕೊಳ್ಳಲಿ:

1. ನಮ್ಮ ಇಂದಿನ ಅನ್ನದ ಹಿಂದೆ ಯಾರ ಯಾರ ಕೈಗಳಿವೆ? ಅವರ ಹೆಸರುಗಳನ್ನು ಮಕ್ಕಳಿಗೆ ಹೇಳಿದ್ದೇವೆಯೇ?

2. ಸಹೋದರಿಯರ, ಅತ್ತೆಯಂದಿರ, ತಾಯಿಯ ಪಾಲು ನಮ್ಮ ಕೈಯಲ್ಲಿ ಉಳಿದಿದೆಯೇ?

3. ನಮಗೆ ಅಕ್ಷರ ಅಥವಾ ಕಸುಬು ಕಲಿಸಿದವರಲ್ಲಿ ಇನ್ನೂ ಬದುಕಿರುವವರು ಯಾರು? ಕೊನೆಯ ಬಾರಿ ಅವರ ಮನೆಗೆ ಹೋದದ್ದು ಯಾವಾಗ?

4. ನಮ್ಮ ಕೈಕೆಳಗೆ ದುಡಿಯುವವರು ನಾಳೆ ನಮ್ಮನ್ನು ಹೇಗೆ ನೆನೆಯುವರು?

ಯಾರಾದರೂ ನಿಮಗೆ ಉಪಕಾರ ಮಾಡಿದರೆ ಪ್ರತ್ಯುಪಕಾರ ಮಾಡಿರಿ, ಅದಕ್ಕೆ ಏನೂ ಸಿಗದಿದ್ದರೆ ಋಣ ಸಂದಿತೆಂದು ಅನ್ನಿಸುವಷ್ಟು ಅವರಿಗಾಗಿ ಪ್ರಾರ್ಥಿಸಿರಿ ಎಂಬುದು ಪ್ರವಾದಿ ಶಿಕ್ಷಣ (ಅಬೂದಾವೂದ್). ಇಲ್ಲಿಯ ಕ್ರಮವನ್ನು ಗಮನಿಸಿರಿ. ಮೊದಲು ಕೃತಿ, ಅದು ಸಾಧ್ಯವಾಗದಾಗ ಪ್ರಾರ್ಥನೆ. ಕೈಯಲ್ಲಿ ಇರುವಾಗ ಬರೇ ಬಾಯಿಮಾತಿನಲ್ಲಿ ಮುಗಿಸುವವನು ಈ ಕ್ರಮವನ್ನು ತಲೆಕೆಳಗು ಮಾಡುತ್ತಾನೆ.

ನಮ್ಮನ್ನು ಬೆಳೆಸಿದ ಕೈಗಳನ್ನು ಗುರುತಿಸುವ ಕಣ್ಣನ್ನೂ, ಅವರ ಹಕ್ಕನ್ನು ಮರಳಿಸುವ ಮನಸ್ಸನ್ನೂ, ಸಮಯ ಮೀರುವ ಮೊದಲೇ ಅವರ ಬಾಗಿಲಿಗೆ ಹೋಗುವ ಸೌಭಾಗ್ಯವನ್ನೂ ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ. ಆಮೀನ್.